ಆಕರದ ದಾರಿ: ಬೆಂಗಳೂರಿನ ಹೊರವಲಯದ ಚರಿತ್ರೆ ಮತ್ತು ಕಾಲೇಜು ಬರಹಗಳಲ್ಲಿ ಕೃತಿಚೌರ್ಯ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯಗಳು ಇಂದು ಉದ್ಯಮಗಳ ನೆಲೆಗಳಾಗಿ ಪ್ರಸಿದ್ಧವಾಗಿವೆ. ಇವುಗಳ ಆಸುಪಾಸಿನಲ್ಲಿ ಕಳೆದ ಮೂರು ದಶಕಗಳಲ್ಲಿ ಪದವಿ ಕಾಲೇಜುಗಳೂ ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳೂ ಗಣನೀಯವಾಗಿ ಬೆಳೆದಿವೆ. ಈ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್, ಕಿರುಪ್ರಬಂಧ ಅಥವಾ ಕ್ಷೇತ್ರಕಾರ್ಯದ ವರದಿಯ ರೂಪದಲ್ಲಿ ತಮ್ಮ ಪರಿಸರದ ಇತಿಹಾಸವನ್ನು ಬರೆಯುವ ಸಂದರ್ಭ ಒಂದಲ್ಲ ಒಂದು ಹಂತದಲ್ಲಿ ಒದಗುತ್ತದೆ. ಹೀಗೆ ಸಿದ್ಧವಾಗುವ ಬರಹಗಳಲ್ಲಿ ಇತರರ ವಾಕ್ಯಗಳು, ವಿಚಾರಗಳು ಮತ್ತು ಮಾಹಿತಿಗಳು ಆಕರದ ಉಲ್ಲೇಖವಿಲ್ಲದೆ ಸೇರಿಕೊಳ್ಳುವುದು ಅಧ್ಯಾಪಕರೆಲ್ಲರಿಗೂ ತಿಳಿದಿರುವ ಸಂಗತಿ. ಇದನ್ನು ಸಾಮಾನ್ಯವಾಗಿ ಶಿಸ್ತಿನ ಪ್ರಶ್ನೆಯಾಗಿ, ಇಲ್ಲವೆ ಪರೀಕ್ಷಾ ನಿಯಮದ ಉಲ್ಲಂಘನೆಯಾಗಿ ಮಾತ್ರ ನೋಡಲಾಗುತ್ತಿದೆ. ಇತಿಹಾಸ ರಚನೆಯ ದೃಷ್ಟಿಯಿಂದ ಅದು ಉಂಟುಮಾಡುವ ಹಾನಿ ಎಂಥದು, ಅದನ್ನು ತಪ್ಪಿಸುವ ಕ್ರಮ ಯಾವುದು ಎಂಬುದನ್ನು ಇದೇ ಪ್ರದೇಶದ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರಿಕಲ್ಪನೆ

ಇನ್ನೊಬ್ಬರ ಬರಹವನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ಕೃತಿಚೌರ್ಯ ಎಂಬ ಪದ ಬಳಕೆಯಲ್ಲಿದೆ. ಇದು ಹಕ್ಕುಸ್ವಾಮ್ಯದ ಉಲ್ಲಂಘನೆಯಿಂದ ಭಿನ್ನವಾದುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯು ಕೃತಿಯ ಅಭಿವ್ಯಕ್ತಿಗೆ ನಿಗದಿತ ಅವಧಿಯವರೆಗೆ ರಕ್ಷಣೆ ನೀಡುತ್ತದೆ. ವಿಚಾರಕ್ಕೆ ಅಂಥ ರಕ್ಷಣೆ ಇಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ವಿದ್ವತ್ತಿನ ಕ್ಷೇತ್ರದಲ್ಲಿ ವಿಚಾರದ ಋಣವೂ ಋಣವೇ. ನೂರು ವರ್ಷ ಹಳೆಯದಾದ, ಹಕ್ಕುಸ್ವಾಮ್ಯದ ಅವಧಿ ಮುಗಿದ ಗ್ರಂಥದಿಂದ ಒಂದು ಪುಟವನ್ನು ಹೆಸರಿಲ್ಲದೆ ಎತ್ತಿಕೊಂಡರೆ ಕಾನೂನಿನ ಅಡ್ಡಿ ಇರಲಾರದು. ಕೃತಿಚೌರ್ಯ ಮಾತ್ರ ಆಗಿಯೇ ಆಗುತ್ತದೆ.

ಈ ವಿವೇಚನೆ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ಆಸುಪಾಸಿನ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ ಮತ್ತು ಅರ್ಥಹರಣಗಳನ್ನು ಬಿಡಿಸಿ ಚರ್ಚಿಸಿದ್ದಾನೆ. ಕನ್ನಡ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವ ಪದ್ಧತಿಯೂ ದುರ್ಗಸಿಂಹನು ತನ್ನ ಪಂಚತಂತ್ರಕ್ಕೆ ವಸುಭಾಗಭಟ್ಟನ ಕೃತಿ ಮೂಲವೆಂದು ಹೇಳಿಕೊಂಡಿರುವುದೂ ಋಣವನ್ನು ಒಪ್ಪಿಕೊಳ್ಳುವ ರೀತಿಗಳೇ. ಆದರೆ ಕಾವ್ಯದ ಮಾನದಂಡವನ್ನು ಶಾಸ್ತ್ರಕ್ಕೆ ಹಾಗೆಯೇ ಅನ್ವಯಿಸಲಾಗದು. ಪರಂಪರೆಯ ಕಥೆಯನ್ನು ಹೊಸದಾಗಿ ಹೇಳುವುದು ಕವಿಯ ಅಧಿಕಾರವಾಗಿತ್ತು. ಇತಿಹಾಸಕಾರನಿಗೆ ಅಂಥ ಅಧಿಕಾರವಿಲ್ಲ. ಅವನ ಹೇಳಿಕೆಯ ಬೆಲೆ ನಿಂತಿರುವುದು ಅದರ ಹಿಂದಿರುವ ಆಧಾರದ ಮೇಲೆ.

ಆಕರ ತಿಳಿಯದೆ ಹೋದಾಗ ಮುಂದಿನವರು ತೆರಬೇಕಾದ ಬೆಲೆಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲೇ ನಿದರ್ಶನವಿದೆ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸಂಕಲಿಸಿದ 'ಸೂಕ್ತಿಸುಧಾರ್ಣವ'ವು ಅನೇಕ ಪೂರ್ವಕವಿಗಳ ಪದ್ಯಗಳನ್ನು ನಮಗೆ ಉಳಿಸಿಕೊಟ್ಟಿದೆ. ಸಂಕಲನಕಾರನ ಉದ್ದೇಶ ಕದಿಯುವುದಾಗಿರಲಿಲ್ಲ. ಆದರೂ ಪದ್ಯಗಳೊಡನೆ ಕವಿಯ ಹೆಸರುಗಳನ್ನು ಅವನು ಕೊಡದಿದ್ದುದರಿಂದ ಯಾವ ಪದ್ಯ ಯಾರದೆಂದು ಗುರುತಿಸುವುದಕ್ಕೆ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಬಹಳವಾಗಿ ಶ್ರಮಿಸಬೇಕಾಯಿತು. ಮೂಲಕೃತಿ ನಷ್ಟವಾಗಿರುವಲ್ಲಿ ಕೆಲವು ಪದ್ಯಗಳ ಕರ್ತೃತ್ವ ಇತ್ಯರ್ಥವಾಗದೆ ಉಳಿದಿದೆ. ಸದುದ್ದೇಶದಿಂದ ಮಾಡಿದ ಕೆಲಸದಲ್ಲೂ ಆಕರ ಬಿಟ್ಟುಹೋದರೆ ಹೀಗಾಗುವುದಾದರೆ, ಬೇಕೆಂದೇ ಮರೆಮಾಡಿದಾಗ ಆಗುವ ನಷ್ಟವನ್ನು ಊಹಿಸಬಹುದು.

ಒಂದೇ ಸಾಕ್ಷಿಯ ಹಲವು ಪ್ರತಿಗಳು

ಹೊರವಲಯದ ಇತಿಹಾಸವನ್ನು ಕುರಿತು ಮತ್ತೆ ಮತ್ತೆ ಬರೆಯಲಾಗುವ ಮೂರು ಹೇಳಿಕೆಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಊರಿನ ಹೆಸರನ್ನು ಕುರಿತದ್ದು. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳುಗಳನ್ನು ಕೊಟ್ಟಳೆಂದೂ ಅದರಿಂದ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂದೂ ಹೇಳುವ ಐತಿಹ್ಯ ಸರ್ವಪರಿಚಿತ. ಇಮ್ಮಡಿ ಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಆದರೆ ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಹೊಸೂರು ರಸ್ತೆಯ ಪಶ್ಚಿಮಕ್ಕಿರುವ ಬೇಗೂರಿನಲ್ಲಿ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಉಲ್ಲೇಖಿಸುತ್ತದೆ. ಹೆಸರು ಬಲ್ಲಾಳನಿಗಿಂತ ಮೂರು ಶತಮಾನಗಳಷ್ಟು ಹಿಂದಿನದು. ಐತಿಹ್ಯವನ್ನು ಐತಿಹ್ಯವೆಂದು ಹೇಳಿದರೆ ದೋಷವಿಲ್ಲ. ಅದನ್ನು ಇತಿಹಾಸವೆಂದು ಬರೆದು, ಮುಂದಿನ ಪುಟದಲ್ಲಿಯೇ ಬೇಗೂರು ಶಾಸನವನ್ನೂ ಹೆಸರಿಸಿದಾಗ ಲೇಖಕನು ಎರಡು ಕಡೆಯಿಂದ ನಕಲು ಮಾಡಿದ್ದಾನೆಯೇ ಹೊರತು ಎರಡನ್ನೂ ಓದಿಲ್ಲವೆಂಬುದು ಖಚಿತವಾಗುತ್ತದೆ. ಬೇಗೂರು ಶಾಸನದ ವಿಷಯದಲ್ಲಿಯೂ ಇಂಥದೇ ಇನ್ನೊಂದು ತೊಡಕಿದೆ. ಹೆಸರು 'ಬೆಂಗಾವಲೂರು' ಎಂಬುದರಿಂದ ಬಂದಿತೆಂಬ ನಿಷ್ಪತ್ತಿಯನ್ನು ಶಾಸನದ ಮಾತೇ ಎಂಬಂತೆ ಅನೇಕ ಬರಹಗಳು ನಿರೂಪಿಸುತ್ತವೆ. ಶಾಸನದಲ್ಲಿರುವುದು ಊರಿನ ಹೆಸರು ಮತ್ತು ಕಾಳಗದ ಸಂಗತಿ ಮಾತ್ರ. ಹೆಸರಿನ ವ್ಯುತ್ಪತ್ತಿಯನ್ನು ಅದು ಹೇಳುವುದಿಲ್ಲ. ಅದು ಆಧುನಿಕರ ಊಹೆ. ಒಬ್ಬರ ವ್ಯಾಖ್ಯಾನವು ಹೆಸರು ಕಳೆದುಕೊಂಡು ಕೈಯಿಂದ ಕೈಗೆ ಸಾಗುತ್ತ ಶಿಲಾಲೇಖದ ಪ್ರಾಮಾಣ್ಯವನ್ನೇ ಪಡೆದುಕೊಂಡಿದೆ.

ಎರಡನೆಯದು ವೈಟ್‌ಫೀಲ್ಡ್‌ಗೆ ಸಂಬಂಧಿಸಿದ್ದು. ಡಿ.ಎಸ್. ವೈಟ್ ಅವರ ಪ್ರಯತ್ನದಿಂದ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1882ರಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಕೃಷಿ ವಸಾಹತಿಗಾಗಿ ದೊರೆತ ಸುಮಾರು 3,900 ಎಕರೆ ಭೂಮಿಯಲ್ಲಿ ಈ ಊರು ರೂಪುಗೊಂಡಿತು. ಇದಕ್ಕಿಂತ ಹೆಚ್ಚಾಗಿ ಬರಹಗಳಲ್ಲಿ ಕಾಣುವುದು ವಿನ್‌ಸ್ಟನ್ ಚರ್ಚಿಲ್ ಇಲ್ಲಿನ ವೇವರ್ಲಿ ಇನ್ ಎಂಬ ತಂಗುಮನೆಗೆ ಬರುತ್ತಿದ್ದರು, ಅದರ ಒಡೆಯನ ಮಗಳಲ್ಲಿ ಅನುರಕ್ತರಾಗಿದ್ದರು ಎಂಬ ಕಥೆ. ಯುವ ಸೇನಾಧಿಕಾರಿಯಾಗಿ ಚರ್ಚಿಲ್ 1896ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದದ್ದು ನಿಜ. ಬೆಂಗಳೂರಿನ ದಿನಗಳನ್ನು ಅವರೇ 1930ರ ತಮ್ಮ ಆತ್ಮಚರಿತ್ರೆಯಲ್ಲಿ ವಿವರಿಸಿದ್ದಾರೆ. ಉಳಿದ ಭಾಗವನ್ನು ಹೇಳುವ ಬರಹಗಳು ಅದು ಯಾವ ಪತ್ರ, ಯಾವ ದಿನಚರಿ, ಯಾರ ನೆನಪು ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ದೃಢಪಟ್ಟ ಒಂದು ಸಂಗತಿಯ ಆಸರೆಯಲ್ಲಿ ದೃಢಪಡದ ಸಂಗತಿ ನಿಂತಿದೆ.

ಮೂರನೆಯದು ಪೀಣ್ಯದ್ದು. 1970ರ ದಶಕದ ಕೊನೆಯಲ್ಲಿ ನೆಲೆಗೊಂಡ ಈ ಕೈಗಾರಿಕಾ ಪ್ರದೇಶವನ್ನು 'ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು' ಎಂದು ಕೆಲವರೂ 'ಏಷ್ಯಾದಲ್ಲೇ ಅತಿ ದೊಡ್ಡದು' ಎಂದು ಕೆಲವರೂ ಬರೆಯುತ್ತಾರೆ. ವಿಸ್ತೀರ್ಣದಲ್ಲೋ, ಘಟಕಗಳ ಸಂಖ್ಯೆಯಲ್ಲೋ, ಕಾರ್ಮಿಕರ ಸಂಖ್ಯೆಯಲ್ಲೋ? ಯಾವ ವರ್ಷದ ಲೆಕ್ಕ? ಲೆಕ್ಕ ಹಾಕಿದವರು ಯಾರು? ಇವಕ್ಕೆ ಉತ್ತರವಿಲ್ಲದೆ ಹೋದರೆ ಆ ಹೇಳಿಕೆಯನ್ನು ಪರೀಕ್ಷಿಸುವುದು ಸಾಧ್ಯವಿಲ್ಲ. ತಪ್ಪೆಂದು ಸಾಧಿಸುವುದೂ ಸಾಧ್ಯವಿಲ್ಲ.

ಈ ಮೂರೂ ನಿದರ್ಶನಗಳಲ್ಲಿ ಸಮಾನವಾದ ಒಂದು ಅಂಶವಿದೆ. ಹತ್ತು ಪ್ರಬಂಧಗಳಲ್ಲಿ ಒಂದೇ ಹೇಳಿಕೆ ಕಂಡಾಗ ಹನ್ನೊಂದನೆಯ ವಿದ್ಯಾರ್ಥಿಗೆ ಅದು ಹತ್ತು ಸಾಕ್ಷಿಗಳಿಂದ ಸಮರ್ಥಿತವಾದಂತೆ ತೋರುತ್ತದೆ. ವಾಸ್ತವದಲ್ಲಿ ಅಲ್ಲಿರುವುದು ಒಂದೇ ಸಾಕ್ಷಿ, ಮತ್ತು ಅದರ ಒಂಬತ್ತು ಪ್ರತಿಗಳು. ಕೃತಿಚೌರ್ಯದಿಂದ ಮೂಲ ಲೇಖಕನಿಗೆ ಸಲ್ಲಬೇಕಾದ ಮನ್ನಣೆ ತಪ್ಪುತ್ತದೆ. ಇದು ಎಲ್ಲರೂ ಬಲ್ಲ ಅನ್ಯಾಯ. ಇತಿಹಾಸಕ್ಕೆ ಆಗುವ ಹಾನಿ ಇದಕ್ಕಿಂತ ವ್ಯಾಪಕವಾದುದು. ಹೇಳಿಕೆಯಿಂದ ಆಧಾರದತ್ತ ಹಿಂದಿರುಗಿ ಹೋಗುವ ದಾರಿ ಅಳಿಸಿಹೋಗುತ್ತದೆ. ದಾರಿ ಅಳಿದ ಮೇಲೆ ತಪ್ಪನ್ನು ತಿದ್ದುವುದಕ್ಕೂ ಆಸ್ಪದವಿರುವುದಿಲ್ಲ.

ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರ ಕಲಿಸುವ ಪಾಠ

ಪ್ರತಿಗಳನ್ನು ಎಣಿಸುವುದಕ್ಕಿಂತ ತೂಗಿ ನೋಡಬೇಕೆಂಬುದು ಗ್ರಂಥಸಂಪಾದನ ಶಾಸ್ತ್ರದ ಮೂಲಭೂತ ತತ್ತ್ವ. 1964ರಲ್ಲಿ ಪ್ರಕಟವಾದ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಈ ಶಾಸ್ತ್ರವನ್ನು ಕನ್ನಡದಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದ ಕೃತಿ. ಐದು ಓಲೆಯ ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಬಗೆಯ ಸ್ಖಾಲಿತ್ಯ ಕಂಡುಬಂದರೆ ಅವು ಒಂದೇ ಮಾತೃಕೆಯಿಂದ ಇಳಿದು ಬಂದವೆಂದು ಸಂಪಾದಕನು ನಿರ್ಣಯಿಸುತ್ತಾನೆ. ಸರಿಯಾದ ಪಾಠ ಎಲ್ಲಿಂದಲಾದರೂ ಬಂದಿರಬಹುದು. ಸಮಾನವಾದ ತಪ್ಪು ಮಾತ್ರ ಬಂಧುತ್ವವನ್ನು ಹೇಳುತ್ತದೆ. ಕಾಲೇಜಿನ ಅಧ್ಯಾಪಕನು ಎರಡು ಅಸೈನ್‌ಮೆಂಟುಗಳಲ್ಲಿ ಒಂದೇ ಅಕ್ಷರದೋಷವನ್ನೂ ಒಂದೇ ತಪ್ಪು ಇಸವಿಯನ್ನೂ ಕಂಡು ನಕಲನ್ನು ಗುರುತಿಸುವುದು ಇದೇ ತರ್ಕದಿಂದ.

ಶಾಸನಶಾಸ್ತ್ರದಲ್ಲಿ ಕೂಟಶಾಸನಗಳ ಚರ್ಚೆಯೂ ಇಲ್ಲಿ ಪ್ರಸ್ತುತವಾಗುತ್ತದೆ. ಗಂಗರ ಹೆಸರಿನಲ್ಲಿರುವ ಹಲವು ತಾಮ್ರಪಟಗಳು ನಂತರದ ಕಾಲದಲ್ಲಿ ಸೃಷ್ಟಿಸಿದವೆಂದು ಜೆ.ಎಫ್. ಫ್ಲೀಟ್ ವಾದಿಸಿದರು, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಹೇಳಿಕೊಂಡ ಕಾಲಕ್ಕಿಂತ ಈಚಿನ ಲಿಪಿ, ಹೊಂದಿಕೆಯಾಗದ ತಿಥಿ ವಾರಗಳು, ಭಾಷೆಯ ಸ್ವರೂಪ ಮುಂತಾದವು ಪರೀಕ್ಷೆಯ ಮಾನದಂಡಗಳಾಗಿದ್ದವು. ಈ ವಾದವಿವಾದದಲ್ಲಿ ಗಮನಿಸಬೇಕಾದುದೆಂದರೆ, ಇಬ್ಬರೂ ತಮ್ಮ ಮುಂದಿದ್ದ ಪಾಠವನ್ನು ಪ್ರಕಟಿಸಿ, ಸಂಖ್ಯೆ ಮತ್ತು ಸ್ಥಳಗಳನ್ನು ಸೂಚಿಸಿ ಚರ್ಚಿಸಿದರು. ಆದುದರಿಂದಲೇ ಒಂದು ಶತಮಾನ ಕಳೆದ ಮೇಲೂ ಆ ಚರ್ಚೆಯನ್ನು ಮರುಪರಿಶೀಲಿಸುವುದು ಸಾಧ್ಯವಾಗಿದೆ.

ಕಲ್ಲು ಕಾಣೆಯಾದ ಮೇಲೆ

ಹೊರವಲಯದ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕೇತ ಮತ್ತು ಕ್ರಮಸಂಖ್ಯೆ ಇದೆ. ಪಾಠವೂ ಇಂಗ್ಲಿಷ್ ಅನುವಾದವೂ ಇವೆ. ಅಂದು ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಮುಂದೆ ಇದ್ದ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ. ರಸ್ತೆ, ಬಡಾವಣೆ ಮತ್ತು ಕಟ್ಟಡಗಳ ಕಾಮಗಾರಿಯಲ್ಲಿ ಕೆಲವು ಹೂತುಹೋಗಿವೆ, ಕೆಲವು ಒಡೆದಿವೆ. ಉಳಿದವುಗಳನ್ನು ಗುರುತಿಸಿ ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯವನ್ನು 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಕೈಗೊಂಡಿದೆ. ಕಲ್ಲೇ ಇಲ್ಲವಾದಾಗ ಸಂಶೋಧಕನಿಗೆ ಉಳಿಯುವುದು ಮುದ್ರಿತ ಪಾಠ ಮತ್ತು ಅದರ ಸಂಖ್ಯೆ. 'ಇಲ್ಲಿ ಹಳೆಯ ಶಾಸನವೊಂದಿದೆ' ಎಂದಷ್ಟೇ ಬರೆದು ಸಂಖ್ಯೆಯನ್ನು ಬಿಟ್ಟವನು ಆ ಊರಿಗೆ ಉಳಿದಿದ್ದ ಏಕೈಕ ಆಧಾರಕ್ಕೆ ಹೋಗುವ ಬಾಗಿಲನ್ನು ಮುಚ್ಚಿದಂತಾಗುತ್ತದೆ.

ವೈಟ್‌ಫೀಲ್ಡ್ ಸಮೀಪದ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವಿದೆ. ಪಟ್ಟಂದೂರಿನ ಕೆರೆಯ ನಿರ್ಮಾಣವನ್ನು ಅದು ದಾಖಲಿಸುತ್ತದೆ. ಸಾಫ್ಟ್‌ವೇರ್ ಉದ್ಯಮದ ಕಟ್ಟಡಗಳ ನಡುವೆ ಇರುವ ಕೆರೆಯೊಂದಕ್ಕೆ ಸುಮಾರು ಸಾವಿರ ವರ್ಷಗಳ ಲಿಖಿತ ಆಧಾರವಿರುವುದು ಸಾಮಾನ್ಯ ಸಂಗತಿಯಲ್ಲ. ಕೆರೆಯ ಪ್ರಾಚೀನತೆಯನ್ನು ಪ್ರತಿಪಾದಿಸಬೇಕಾದ ಸಂದರ್ಭ ಬಂದರೆ ಶಾಸನದ ಕಾಲ, ಸಂಖ್ಯೆ, ಪ್ರಕಟಣೆಯ ವಿವರಗಳನ್ನು ಕೊಟ್ಟ ಬರಹ ಸಾಕ್ಷ್ಯವಾಗಿ ನಿಲ್ಲುತ್ತದೆ. ಅವಿಲ್ಲದ ಬರಹ ವದಂತಿಯಾಗಿ ಉಳಿಯುತ್ತದೆ. ಈ ಶಾಸನವನ್ನು ಬಳಸುವ ಕನ್ನಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೂಲ ತಮಿಳನ್ನು ಓದಲಾರರು. ಅವರು ಅವಲಂಬಿಸಿರುವುದು ಅನುವಾದವನ್ನು ಎಂಬುದನ್ನು ಸ್ಪಷ್ಟವಾಗಿ ಹೇಳಿಕೊಳ್ಳುವುದು ಅಗತ್ಯ.

ಕೃತಿಚೌರ್ಯದ ರೂಪಗಳು

ಕೃತಿಚೌರ್ಯವೆಂದರೆ ಪುಟಗಟ್ಟಲೆ ಯಥಾವತ್ತಾಗಿ ನಕಲಿಸುವುದು ಮಾತ್ರ ಎಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಅದರ ಇತರ ರೂಪಗಳನ್ನೂ ಗುರುತಿಸಬೇಕು.

ಒಂದನೆಯದು, ಪದಗಳನ್ನು ಅಲ್ಲಲ್ಲಿ ಬದಲಿಸಿ ವಾಕ್ಯದ ಕಟ್ಟನ್ನು ಹಾಗೆಯೇ ಉಳಿಸಿಕೊಳ್ಳುವುದು. ವಿವರಣೆಗಾಗಿ ರಚಿಸಿಕೊಂಡ ಒಂದು ವಾಕ್ಯವನ್ನು ನೋಡಬಹುದು. 'ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ 1978ರಲ್ಲಿ ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರ ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು' ಎಂಬುದು ಆಕರಗ್ರಂಥದ ವಾಕ್ಯವಾಗಿರಲಿ. 'ಬಾಳಿಗರ ಮುಂದಾಲೋಚನೆಯ ಪರಿಣಾಮವಾಗಿ ಕಿಯೋನಿಕ್ಸ್ 1978ರಲ್ಲಿ ಆ ಎರಡು ಹಳ್ಳಿಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು' ಎಂದು ಬರೆದರೆ ಅದು ಸ್ವಂತ ವಾಕ್ಯವಾಗುವುದಿಲ್ಲ. 'ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿದ್ದು ಎರಡು ಗ್ರಾಮಗಳ 332 ಎಕರೆ ನೆಲದಲ್ಲಿ ಎಂದು ಇಂಥ ಲೇಖಕರು ಇಂಥ ಪುಟದಲ್ಲಿ ತಿಳಿಸುತ್ತಾರೆ. ಆ ನೆಲ ಅದಕ್ಕೆ ಮುನ್ನ ಯಾವ ಸಾಗುವಳಿಯಲ್ಲಿತ್ತೆಂಬುದನ್ನು ಅವರು ಚರ್ಚಿಸಿಲ್ಲ' ಎಂದು ಬರೆದಾಗ ಮಾಹಿತಿ ಯಾರದು, ಪ್ರಶ್ನೆ ಯಾರದು ಎಂಬುದು ಬೇರೆಯಾಗಿ ಕಾಣುತ್ತದೆ. ಸಂಶೋಧನೆ ಆರಂಭವಾಗುವುದು ಆ ಪ್ರಶ್ನೆಯಿಂದ.

ಎರಡನೆಯದು ಅನುವಾದದ ಮೂಲಕ ನಡೆಯುವ ಚೌರ್ಯ. ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತಂದು ಮೂಲವನ್ನು ಹೆಸರಿಸದಿರುವುದು ಕನ್ನಡದಲ್ಲಿ ಬರೆಯುವವರಿಗೆ ಸುಲಭವಾಗಿ ಒದಗುವ ಆಮಿಷ. ಅನುವಾದದ ಶ್ರಮ ತನ್ನದಾದರೂ ವಿಚಾರ ತನ್ನದಲ್ಲ. ಮೂರನೆಯದು ಎರವಲು ಉಲ್ಲೇಖ. ಯಾವುದೋ ಪಠ್ಯಪುಸ್ತಕದಲ್ಲಿ ಕಂಡ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಖ್ಯೆಯನ್ನು, ಆ ಸಂಪುಟವನ್ನು ತೆರೆಯದೆಯೇ, ಸ್ವತಃ ನೋಡಿದಂತೆ ನಮೂದಿಸುವುದು. ಇತಿಹಾಸದ ಪ್ರಬಂಧಗಳಲ್ಲಿ ಇದು ಅತ್ಯಂತ ಗೌರವಾನ್ವಿತ ವೇಷದಲ್ಲಿ ಬರುವ ಅಪ್ರಾಮಾಣಿಕತೆ. ಪಠ್ಯಪುಸ್ತಕದ ಅಚ್ಚಿನ ತಪ್ಪು ಈ ದಾರಿಯಲ್ಲೇ ಪ್ರಬಂಧಗಳಿಗೆ ಇಳಿಯುತ್ತದೆ. ನಾಲ್ಕನೆಯದು ಇನ್ನೊಬ್ಬರಿಂದ ಬರೆಸಿದ ಅಥವಾ ಕೊಂಡುತಂದ ಯೋಜನಾ ವರದಿ. ಐದನೆಯದು, 2022ರ ಕೊನೆಯಿಂದ ಎಲ್ಲರ ಕೈಗೂ ಎಟುಕಿರುವ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸಿದ ಪಾಠವನ್ನು ಸ್ವಂತದ್ದೆಂದು ಒಪ್ಪಿಸುವುದು. ಇಂಥ ಸಾಧನಗಳು ಕೆಲವೊಮ್ಮೆ ಇಲ್ಲದ ಗ್ರಂಥಗಳನ್ನೂ ಆಕರಗಳೆಂದು ಸೂಚಿಸುವುದುಂಟು. ಮೊದಲಿನ ರೂಪಗಳಲ್ಲಿ ಮುಚ್ಚಿಹೋದ ದಾರಿಯಾದರೂ ಇತ್ತು. ಇಲ್ಲಿ ಎಲ್ಲಿಗೂ ತಲುಪದ ದಾರಿಯನ್ನು ತೋರಿಸಿದಂತಾಗುತ್ತದೆ.

ಕ್ಷೇತ್ರಕಾರ್ಯದಲ್ಲಿ ದೊರೆತ ಮೌಖಿಕ ಮಾಹಿತಿಯ ಋಣವನ್ನೂ ಇಲ್ಲಿಯೇ ಹೇಳಬೇಕು. ಭೂಸ್ವಾಧೀನಕ್ಕೆ ಮುನ್ನ ಹೊಲಗಳಿಗಿದ್ದ ಹೆಸರುಗಳು, ಕೆರೆಯ ತೂಬಿನ ನೀರನ್ನು ಹಂಚಿಕೊಳ್ಳುತ್ತಿದ್ದ ಕ್ರಮ, ಗ್ರಾಮದೇವತೆಯ ಜಾತ್ರೆಯ ಸರದಿ ಮುಂತಾದವು ಯಾವ ಕಡತದಲ್ಲೂ ಪೂರ್ಣವಾಗಿ ಸಿಗುವುದಿಲ್ಲ. ಅವನ್ನು ಬಲ್ಲವರು ಆಯಾ ಗ್ರಾಮಗಳ ಹಿರಿಯರು. ಜಮೀನು ಕಳೆದುಕೊಂಡವರಿಂದ ನೆನಪನ್ನೂ ಪಡೆದು ಅದನ್ನು 'ತಿಳಿದುಬರುತ್ತದೆ' ಎಂಬ ಅನಾಮಧೇಯ ಕ್ರಿಯಾಪದದಲ್ಲಿ ಅಡಗಿಸುವುದು ನ್ಯಾಯವಲ್ಲ. ಮಾಹಿತಿದಾರರ ಒಪ್ಪಿಗೆ ಪಡೆದು ಹೆಸರು, ಊರು, ಭೇಟಿಯ ದಿನಾಂಕಗಳನ್ನು ನಮೂದಿಸಬೇಕು. ಹೆಸರು ಬೇಡವೆಂದವರ ಇಚ್ಛೆಯನ್ನು ಗೌರವಿಸಿ ಅದನ್ನೂ ತಿಳಿಸಬೇಕು.

ನಿಯಮಗಳು ಮತ್ತು ತಂತ್ರಾಂಶದ ಮಿತಿ

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಉತ್ತೇಜಿಸುವ ಹಾಗೂ ಕೃತಿಚೌರ್ಯವನ್ನು ತಡೆಯುವ ವಿನಿಯಮಗಳನ್ನು ಜಾರಿಗೊಳಿಸಿತು. ಇದರಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಪ್ರಬಂಧದಲ್ಲಿ ಸಾಮ್ಯವು ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗಿದ್ದರೆ ಒಂದು ವರ್ಷ ಪರಿಷ್ಕೃತ ಪ್ರಬಂಧವನ್ನು ಸಲ್ಲಿಸುವಂತಿಲ್ಲ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಸಹಿತವಾದ ಉದ್ಧರಣಗಳು, ಗ್ರಂಥಸೂಚಿ, ಕಾನೂನಿನ ಪಾಠ, ಪ್ರಮಾಣಿತ ಸಮೀಕರಣ ಮೊದಲಾದವನ್ನು ಈ ಲೆಕ್ಕದಿಂದ ಕೈಬಿಡಲಾಗಿದೆ. ದಂಡನೆಯ ಈ ಉಪಬಂಧಗಳು ವಿದ್ಯಾರ್ಥಿಗಳ ಪೈಕಿ ಸ್ನಾತಕೋತ್ತರ ಮತ್ತು ಸಂಶೋಧನಾ ಹಂತದವರಿಗೆ ಅನ್ವಯಿಸುತ್ತವೆ. ಪದವಿ ಹಂತದ ಅಸೈನ್‌ಮೆಂಟುಗಳಲ್ಲಿ ಅಭ್ಯಾಸವನ್ನು ರೂಢಿಸುವ ಹೊಣೆ ಆದ್ದರಿಂದ ಬಹುಮಟ್ಟಿಗೆ ಅಧ್ಯಾಪಕರ ಮೇಲೆಯೇ ಉಳಿಯುತ್ತದೆ.

ಸಂಖ್ಯೆಯ ಈ ಲೆಕ್ಕ ಅನುಕೂಲಕರವಾದರೂ ಅದಕ್ಕೆ ಮಿತಿಗಳಿವೆ. ತಂತ್ರಾಂಶವು ಗುರುತಿಸುವುದು ಪಾಠಸಾಮ್ಯವನ್ನು. ಕೃತಿಚೌರ್ಯವನ್ನು ನಿರ್ಣಯಿಸಬೇಕಾದವನು ಓದುಗ. ಆಕರವನ್ನು ಹೆಸರಿಸಿ ಶಾಸನಪಾಠಗಳನ್ನು ಹೇರಳವಾಗಿ ಉದ್ಧರಿಸಿದ ಪ್ರಾಮಾಣಿಕ ಪ್ರಬಂಧದಲ್ಲಿ ಸಾಮ್ಯದ ಪ್ರಮಾಣ ಹೆಚ್ಚಾಗಿ ಕಾಣಬಹುದು. ಪೂರ್ತಿಯಾಗಿ ಅನುವಾದಿಸಿ ಕದ್ದ ಪ್ರಬಂಧದಲ್ಲಿ ಅದು ಶೂನ್ಯಕ್ಕೆ ಹತ್ತಿರವಿರಬಹುದು. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಹಿಂದಿನ ದಶಕಗಳ ಬಹಳಷ್ಟು ಗ್ರಂಥಗಳು ಇನ್ನೂ ಪುಟಗಳ ಚಿತ್ರರೂಪದಲ್ಲಷ್ಟೇ ಗಣಕಕ್ಕೆ ಬಂದಿವೆ. ನುಡಿ, ಬರಹ ಮುಂತಾದವುಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ಪ್ರಬಂಧಗಳ ಪಾಠವು ಯೂನಿಕೋಡ್ ಪಾಠದೊಡನೆ ನೇರವಾಗಿ ಹೋಲಿಕೆಯಾಗುವುದಿಲ್ಲ. ಇಂಥ ಆಕರಗಳಿಂದ ಮಾಡಿದ ನಕಲು ಯಂತ್ರದ ಕಣ್ಣಿಗೆ ಬೀಳದೆ ಹೋಗುವ ಸಂಭವವಿದೆ.

ಅಲ್ಪಪ್ರಮಾಣದ ನಕಲನ್ನು ಕುರಿತು ಬೆಂಗಳೂರಿನ ವಿಜ್ಞಾನ ವಲಯದಲ್ಲಿ ನಡೆದ ಚರ್ಚೆಯೂ ಉಲ್ಲೇಖನೀಯ. 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟವಾದ, ಸಿ.ಎನ್.ಆರ್. ರಾವ್ ಅವರು ಸಹಲೇಖಕರಾಗಿದ್ದ ಪ್ರಬಂಧದ ಕೆಲವು ವಾಕ್ಯಗಳು ಬೇರೆ ಲೇಖನದಿಂದ ಬಂದವೆಂಬುದು ಕಂಡುಬಂದಾಗ ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ಪ್ರಯೋಗದ ಫಲಿತಾಂಶ ಸ್ವಂತದ್ದಾಗಿದ್ದಾಗ ಪೀಠಿಕೆಯ ಕೆಲವು ಸಾಲುಗಳಿಗೆ ಎಷ್ಟು ಮಹತ್ವ ಕೊಡಬೇಕು, ವಿದ್ಯಾರ್ಥಿ ಬರೆದ ಭಾಗಕ್ಕೆ ಹಿರಿಯ ಲೇಖಕರ ಹೊಣೆ ಎಷ್ಟು ಎಂಬ ಪ್ರಶ್ನೆಗಳು ಆಗ ವ್ಯಾಪಕವಾಗಿ ಚರ್ಚಿತವಾದವು. ಇತಿಹಾಸದಂಥ ಮಾನವಿಕ ಶಾಸ್ತ್ರಗಳಲ್ಲಿ ಈ ಬಗೆಯ ವಿಂಗಡಣೆಗೆ ಅವಕಾಶ ಇನ್ನೂ ಕಡಿಮೆ. ಇಲ್ಲಿ ಪ್ರಯೋಗಶಾಲೆಯ ಅಂಕಿಅಂಶ ಬೇರೆ, ನಿರೂಪಣೆ ಬೇರೆ ಎಂಬುದಿಲ್ಲ. ವಾಕ್ಯದಲ್ಲಿಯೇ ವಾದವಿರುತ್ತದೆ.

ಸುತ್ತಲಿನ ಉದ್ಯಮಗಳ ರೂಢಿ

ಮಾದರಿಯನ್ನು ನೋಡಿ ಮಾಡುವುದು, ಇರುವುದನ್ನು ಮರುಬಳಕೆ ಮಾಡುವುದು ಈ ಪ್ರದೇಶದ ಉದ್ಯಮಗಳ ನಿತ್ಯದ ಕೆಲಸ. ಆದುದರಿಂದ ವಿದ್ಯಾರ್ಥಿಗಳ ನಕಲನ್ನು ಮಾತ್ರ ಆಕ್ಷೇಪಿಸುವುದೇಕೆ ಎಂಬ ಪ್ರಶ್ನೆ ಏಳಬಹುದು. ಪೀಣ್ಯದ ಯಂತ್ರಶಾಲೆಗಳಲ್ಲಿ ಜಾಬ್‌ವರ್ಕ್ ನಡೆಯುವುದು ಇನ್ನೊಬ್ಬರ ಡ್ರಾಯಿಂಗ್ ಪ್ರಕಾರವೇ. ಆದರೆ ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿರುವ ಚೌಕದಲ್ಲಿ ಅದನ್ನು ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರು ಯಾರೆಂಬುದೂ ಎಷ್ಟನೆಯ ಪರಿಷ್ಕರಣವೆಂಬುದೂ ನಮೂದಾಗಿರುತ್ತದೆ. ಬಿಡಿಭಾಗವೊಂದು ಕೆಟ್ಟಾಗ ದೋಷ ಎಲ್ಲಿ ಸೇರಿತೆಂದು ಹಿಂದಿರುಗಿ ನೋಡುವುದಕ್ಕೆ ಈ ನಮೂದು ಬೇಕು. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಮುಕ್ತ ತಂತ್ರಾಂಶದ ಮರುಬಳಕೆಗೆ ಧಾರಾಳ ಅನುಮತಿ ಇದೆ. ಆದರೆ ಬಹಳ ಉದಾರವೆನಿಸಿದ ಎಂಐಟಿ ಪರವಾನಗಿ ಕೂಡ ಮೂಲ ಕರ್ತೃವಿನ ಹಕ್ಕುಸ್ವಾಮ್ಯ ಸೂಚನೆಯನ್ನು ಪ್ರತಿಯೊಂದು ನಕಲಿನಲ್ಲೂ ಉಳಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಯಾವ ಸಾಲನ್ನು ಯಾರು ಯಾವಾಗ ಸೇರಿಸಿದರೆಂಬ ಚರಿತ್ರೆಯನ್ನು ಉಳಿಸಿಕೊಳ್ಳುವ ವ್ಯವಸ್ಥೆಯೂ ಅಲ್ಲಿ ರೂಢಿಯಲ್ಲಿದೆ. ಹೀಗೆ ಉದ್ಯಮವು ತೆಗೆದುಕೊಳ್ಳುವುದನ್ನು ನಿಷೇಧಿಸಿಲ್ಲ, ತೆಗೆದುಕೊಂಡದ್ದರ ಲೆಕ್ಕವಿಡುತ್ತದೆ. ಅಡಿಟಿಪ್ಪಣಿಯೂ ಇಂಥದೇ ಲೆಕ್ಕ.

ತಪ್ಪಿಸುವ ಕ್ರಮ

ಉದ್ದೇಶಪೂರ್ವಕವಲ್ಲದ ಕೃತಿಚೌರ್ಯ ಬಹುಮಟ್ಟಿಗೆ ಟಿಪ್ಪಣಿ ಮಾಡಿಕೊಳ್ಳುವ ಹಂತದಲ್ಲಿಯೇ ಆರಂಭವಾಗುತ್ತದೆ. ಗ್ರಂಥಾಲಯದಲ್ಲಿ ಬರೆದುಕೊಂಡ ಸಾಲು ತನ್ನದೋ ಗ್ರಂಥದ್ದೋ ಎಂಬುದು ಮೂರು ತಿಂಗಳ ನಂತರ ವಿದ್ಯಾರ್ಥಿಗೇ ಮರೆತುಹೋಗುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ ಯಥಾವತ್ತಾದ ಮಾತನ್ನು ಉದ್ಧರಣ ಚಿಹ್ನೆಯೊಳಗೂ ಸಾರಾಂಶವನ್ನು ಅದರಿಂದ ಬೇರೆಯಾಗಿಯೂ ಸ್ವಂತ ಆಲೋಚನೆಯನ್ನು ಇನ್ನೊಂದು ಅಂಕಣದಲ್ಲೂ ಬರೆಯುವ ಪದ್ಧತಿಯನ್ನು ಮೊದಲ ವರ್ಷದಿಂದಲೇ ರೂಢಿಸಬೇಕು. ಗ್ರಂಥದ ಹೆಸರು, ಮುದ್ರಣದ ವರ್ಷ ಮತ್ತು ಪುಟಸಂಖ್ಯೆಗಳನ್ನು ಆಗಲೇ ಗುರುತಿಸಿಕೊಳ್ಳಬೇಕು. ಸಾರಾಂಶ ಬರೆಯುವಾಗ ಗ್ರಂಥವನ್ನು ಮುಚ್ಚಿಟ್ಟು, ಬರೆದ ಬಳಿಕ ತೆರೆದು ತಾಳೆ ನೋಡುವುದು ಸರಳವೂ ಫಲಕಾರಿಯೂ ಆದ ಕ್ರಮ.

ಆಕರವನ್ನು ಹೇಳುವಾಗ ತಾನು ನಿಜವಾಗಿ ಕಂಡದ್ದನ್ನು ಮಾತ್ರ ಹೇಳಬೇಕು. ಶಾಸನವನ್ನು ಸ್ಥಳದಲ್ಲಿ ನೋಡಿದ್ದರೆ ಹಾಗೆಂದೂ, ಸಂಪುಟದ ಪಾಠವನ್ನು ನೋಡಿದ್ದರೆ ಹಾಗೆಂದೂ, ಬೇರೊಬ್ಬರ ಗ್ರಂಥದಲ್ಲಿ ಉದ್ಧೃತವಾದುದನ್ನು ಬಳಸಿದ್ದರೆ ಆ ಗ್ರಂಥದ ಹೆಸರಿನೊಡನೆಯೂ ಬರೆಯಬೇಕು. 'ಬೆಂಗಳೂರಿನ ಅತಿ ಪ್ರಾಚೀನ ಶಾಸನ' ಎಂಬಂಥ ಮಾತನ್ನು ಯಾವ ವರ್ಷದ ತಿಳಿವಳಿಕೆಯಂತೆ ಎಂದು ಸೂಚಿಸದೆ ಬಳಸಬಾರದು. ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಾಗ ಅಂಥ ಹಳೆಯ ಹೇಳಿಕೆಗಳೆಲ್ಲ ಬದಲಾಗಬೇಕಾಯಿತು. ಸರ್ವವಿದಿತವಾದ ಸಂಗತಿಗೆ ಆಕರ ಬೇಕಿಲ್ಲ. 1537ರಲ್ಲಿ ಕೆಂಪೇಗೌಡರು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದರೆಂಬುದು ಅಂಥದು. ಆದರೆ ಸರ್ವವಿದಿತವೋ ಅಲ್ಲವೋ ಎಂಬ ಸಂದೇಹವಿದ್ದಾಗ ಆಕರವನ್ನು ಕೊಡುವುದೇ ಲೇಸು.

ಅಧ್ಯಾಪಕರ ಪಾತ್ರವೂ ಕಡಿಮೆಯದಲ್ಲ. 'ವೈಟ್‌ಫೀಲ್ಡ್ ಇತಿಹಾಸ' ಎಂಬ ವಿಷಯವನ್ನು ವರ್ಷವರ್ಷವೂ ಎಲ್ಲ ವಿದ್ಯಾರ್ಥಿಗಳಿಗೂ ಕೊಟ್ಟರೆ ನಕಲನ್ನು ಆಹ್ವಾನಿಸಿದಂತೆಯೇ ಸರಿ. ಕಾಡುಗೋಡಿಯ ಶಾಸನದ ಇಂದಿನ ಸ್ಥಿತಿ, ಒಂದು ಕೆರೆಯ ಹೆಸರು ಕಂದಾಯ ನಕ್ಷೆಯಲ್ಲೂ ಜನರ ಬಾಯಲ್ಲೂ ಹೇಗಿದೆ, ಪೀಣ್ಯದ ಒಂದು ರಸ್ತೆಯಲ್ಲಿ ಈಗ ಯಾವ ಯಾವ ಕಸುಬಿನ ಘಟಕಗಳಿವೆ ಎಂಬಂಥ ಸೀಮಿತ ಪ್ರಶ್ನೆಗಳಿಗೆ ಸಿದ್ಧ ಉತ್ತರ ಎಲ್ಲಿಯೂ ದೊರೆಯದು. ವಿದ್ಯಾರ್ಥಿ ಸ್ಥಳಕ್ಕೆ ಹೋಗಲೇಬೇಕು. ಎರಡು ಪುಟದ ಇಂಥ ಬರಹ ಇಪ್ಪತ್ತು ಪುಟದ ಸಂಗ್ರಹಕ್ಕಿಂತ ಬೆಲೆಯುಳ್ಳದ್ದು.

ಸಮಾರೋಪ

ಈ ಪರಿಶೀಲನೆಯಿಂದ ವ್ಯಕ್ತವಾಗುವಂತೆ, ಕೃತಿಚೌರ್ಯವನ್ನು ಕೇವಲ ದಂಡನೀಯ ಅಪರಾಧವೆಂದು ವಿದ್ಯಾರ್ಥಿಗಳಿಗೆ ಹೇಳಿದರೆ ಸಾಲದು. ಅದು ಸಾಕ್ಷಿಗಳ ಸಂಖ್ಯೆಯನ್ನು ಹುಸಿಯಾಗಿ ಹೆಚ್ಚಿಸುತ್ತದೆ, ಊಹೆಗೆ ಶಾಸನದ ಬೆಲೆಯನ್ನು ತರುತ್ತದೆ, ತಪ್ಪನ್ನು ತಿದ್ದುವ ದಾರಿಯನ್ನು ಮುಚ್ಚುತ್ತದೆ. ಶೀಘ್ರವಾಗಿ ಬದಲಾಗುತ್ತಿರುವ, ಕಲ್ಲುಗಳೂ ಕೆರೆಗಳೂ ಹಳ್ಳಿಯ ಹಿರಿಯರೂ ಒಂದೊಂದಾಗಿ ಕಣ್ಮರೆಯಾಗುತ್ತಿರುವ ಪ್ರದೇಶದಲ್ಲಿ ಈ ಹಾನಿಯನ್ನು ಮುಂದಿನವರು ತುಂಬಿಕೊಳ್ಳಲಾರರು. ಬೇಗೂರು, ಕಾಡುಗೋಡಿ, ದೊಡ್ಡತೋಗೂರು, ಪೀಣ್ಯಗಳ ಚರಿತ್ರೆ ಇನ್ನೂ ಸಮಗ್ರವಾಗಿ ರಚಿತವಾಗಬೇಕಾಗಿದೆ. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದು ಪಾಲನ್ನು ಈ ಭಾಗದ ಕಾಲೇಜುಗಳ ಕಿರುಪ್ರಬಂಧಗಳು ಒದಗಿಸಬಲ್ಲವು. ಆದರೆ ಪ್ರತಿಯೊಂದು ಹೇಳಿಕೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂಬುದು ಬರೆದಿದ್ದರೆ ಮಾತ್ರ.